ಬಚ್ಚಲಿಗೆ ಎಳೆದ ಹೊಸ ವೈರು ನಿಯಮಕ್ಕೆ ಒಪ್ಪುತ್ತದೆಯೇ?

ಜೋಯಿಡಾ ತಾಲ್ಲೂಕಿನ ಕುಂಬಾರವಾಡ ಕಾಡಿನ ನಡುವಣ ಊರು. ಅಣಶಿಗೆ, ಉಳವಿಗೆ ಹೋಗುವವರು ಹಾದುಹೋಗುವ ಈ ಊರಿನಲ್ಲಿ, ಇದರ ಸುತ್ತಲಿನ ಹಳ್ಳಿಗಳಲ್ಲಿ ಬಚ್ಚಲ ಮನೆಯೆಂದರೆ ಮೊದಲು ಕಣ್ಣಿಗೆ ಕಟ್ಟುವುದು ಒಲೆ ಮತ್ತು ಹಂಡೆ. ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಕೂಡಿಟ್ಟು, ಬೆಳಗಿನ ಜಾವ ಒಲೆ ಹೊತ್ತಿಸಿ, ಹಂಡೆ ತುಂಬ ನೀರು ಕಾಯಿಸುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಕಾಲ ಬದಲಾಗಿದೆ. ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕು. ಹೋಮ್ ಸ್ಟೇಗೆ ಬಂದ ಅತಿಥಿಗಳಿಗೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬೇಕು. ಕಟ್ಟಿಗೆ ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಹಂಡೆಯ ಪಕ್ಕದ ಗೋಡೆಗೆ ಗೀಸರ್ ಬಂದು ನಿಂತಿದೆ.

ಗೀಸರ್ ಕೊಳ್ಳುವಾಗ ಎಷ್ಟು ಲೀಟರು, ಯಾವ ಕಂಪನಿ, ಎಷ್ಟು ವರ್ಷ ಗ್ಯಾರಂಟಿ ಎಂದೆಲ್ಲ ವಿಚಾರಿಸುವವರು ಅದಕ್ಕೆ ಕರೆಂಟು ಹೇಗೆ ಬರುತ್ತದೆ ಎಂಬುದನ್ನು ವಿಚಾರಿಸುವುದು ಕಡಿಮೆ. ಪರಿಚಯದ ಹುಡುಗನೊಬ್ಬ ಬರುತ್ತಾನೆ. ಬಚ್ಚಲಿನಲ್ಲಿ ಮೊದಲೇ ಇದ್ದ ಬಲ್ಬಿನ ತಂತಿಗೆ ಇನ್ನೊಂದು ತುಂಡು ಸುತ್ತಿ ಟೇಪು ಹಚ್ಚಿ ಪ್ಲಗ್ ಪಾಯಿಂಟ್ ಮಾಡಿಕೊಡುತ್ತಾನೆ. ಸ್ವಲ್ಪ ಎಚ್ಚರವುಳ್ಳ ಮನೆಗಳಲ್ಲಿ ಮೀಟರ್ ಬೋರ್ಡಿನಿಂದಲೇ ಬೇರೆ ತಂತಿ ಎಳೆದು ಹೊಸ ಎಂ.ಸಿ.ಬಿ. ಕೂಡಿಸುವುದೂ ಉಂಟು. ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತದೆ, ನೀರು ಕಾಯುತ್ತದೆ. ಅಲ್ಲಿಗೆ ಕೆಲಸ ಮುಗಿಯಿತೆಂದೇ ಎಲ್ಲರ ಭಾವನೆ.

ನೀರು ಕಾಯ್ದ ಮಾತ್ರಕ್ಕೆ ವೈರಿಂಗ್ ಸರಿಯಾಗಿದೆ ಎಂದಾಗುವುದಿಲ್ಲ. ತಪ್ಪು ವೈರಿಂಗಿನಲ್ಲೂ ನೀರು ಅಷ್ಟೇ ಚೆನ್ನಾಗಿ ಕಾಯುತ್ತದೆ. ಹೀಗೆ ಹೊಸದಾಗಿ ಎಳೆದ ಗೀಸರ್ ಲೈನು ದೇಶದ ವಿದ್ಯುತ್ ನಿಯಮಗಳಿಗೆ ಒಪ್ಪುತ್ತದೆಯೇ? ಒಪ್ಪದಿದ್ದರೆ ಎಲ್ಲಿ ಎಡವುತ್ತದೆ? ಒದ್ದೆ ಮೈಯಲ್ಲಿ, ಬರಿಗಾಲಲ್ಲಿ, ಬಾಗಿಲು ಹಾಕಿಕೊಂಡು ಮಕ್ಕಳು ನಿಲ್ಲುವ ಜಾಗದ ಪ್ರಶ್ನೆ ಇದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವರದಿಗಳ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಿದ್ದಾರೆ. ಇವೆಲ್ಲ ಬಚ್ಚಲಿನಲ್ಲಿ ಆದ ಸಾವುಗಳಲ್ಲ, ನಿಜ. ಆದರೆ ವಿದ್ಯುತ್ತು ಮತ್ತು ನೀರು ಒಟ್ಟಿಗೆ ಸೇರುವ ಜಾಗ ಮನೆಯಲ್ಲಿ ಬಚ್ಚಲಿಗಿಂತ ಬೇರೊಂದಿಲ್ಲ.

ಕಾಳಿಯ ನಾಡಿನಲ್ಲಿ

ಕರೆಂಟು ಈ ತಾಲ್ಲೂಕಿಗೆ ಹೊಸ ಮಾತಲ್ಲ. ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅಡ್ಡ ನಿಂತಿದೆ. 1987ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿಗಾಗಿ ಹಳೆಯ ಸೂಪಾ ಊರೇ ನೀರಿನಡಿ ಸೇರಿತು. ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಕೆಳಗೆ ನಾಗಝರಿಯ ವಿದ್ಯುದಾಗಾರದಲ್ಲಿ ಆರು ಯಂತ್ರಗಳು. ಮುಂದೆ ಕೊಡಸಳ್ಳಿ, ಕದ್ರಾ. ರಾಜ್ಯದ ದೂರದ ಊರುಗಳಿಗೆಲ್ಲ ಬೆಳಕು ಹರಿಸುವ ನದಿ ಇದು.

ಆದರೆ ವಿದ್ಯುದಾಗಾರದಲ್ಲಿ ಇರುವ ಶಿಸ್ತು ಮನೆಯ ಮೀಟರ್ ಬೋರ್ಡಿನಿಂದಾಚೆಗೆ ಇರುವುದಿಲ್ಲ. ಮೀಟರಿನವರೆಗಿನ ಲೈನು ಹೆಸ್ಕಾಂನ ಹೊಣೆ. ಮೀಟರಿನ ಒಳಗಿನದೆಲ್ಲ ಮನೆಯ ಯಜಮಾನನ ಹೊಣೆ. ಬಚ್ಚಲಿನ ತಂತಿ ಈ ಎರಡನೆಯ ಭಾಗಕ್ಕೆ ಸೇರಿದ್ದು. ಅಲ್ಲಿ ತಪ್ಪಿದರೆ ಯಾವ ಲೈನ್‌ಮನ್‌ನನ್ನೂ ದೂರಿ ಪ್ರಯೋಜನವಿಲ್ಲ.

ಕಾಯಿದೆ ಏನು ಹೇಳುತ್ತದೆ?

ಮನೆಯೊಳಗಿನ ವೈರಿಂಗಿಗೆ ಕಾಯಿದೆಯೇ ಎಂದು ಹಲವರು ಹುಬ್ಬೇರಿಸಬಹುದು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಇದಕ್ಕೆ ಸ್ಪಷ್ಟ ವಿಧಿಗಳಿದ್ದವು. 2003ರ ವಿದ್ಯುಚ್ಛಕ್ತಿ ಕಾಯಿದೆ ಬಂದ ಬಳಿಕ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ಹೊರಡಿಸಿತು. ಅದರ ಜಾಗದಲ್ಲಿ ಈಗ ಇರುವುದು 2023ರ ನಿಯಮಾವಳಿ. ಹೆಸರು, ಕ್ರಮಸಂಖ್ಯೆ ಬದಲಾದರೂ ತಿರುಳು ಹಾಗೆಯೇ ಉಳಿದುಬಂದಿದೆ.

ಆ ತಿರುಳಿನಲ್ಲಿ ಮೊದಲನೆಯದು, ಕೆಲಸ ಯಾರು ಮಾಡಬೇಕು ಎಂಬುದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಯೋಗಿ ಉಪಕರಣ ಇಂಥವನ್ನು ಬದಲಿಸುವುದಕ್ಕೆ ರಿಯಾಯಿತಿ ಇದೆ. ಆದರೆ ಆ ಬದಲಾವಣೆಯಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಹೊಸ ಲೈನು ಎಳೆಯುವುದು, ಇರುವ ಲೈನನ್ನು ಮಾರ್ಪಡಿಸುವುದು ಈ ರಿಯಾಯಿತಿಯೊಳಗೆ ಬರುವುದಿಲ್ಲ. ಅದನ್ನು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನ ಉಸ್ತುವಾರಿಯಲ್ಲಿ ಮಾಡಿಸಬೇಕು. ಕರ್ನಾಟಕದಲ್ಲಿ ಗುತ್ತಿಗೆದಾರರಿಗೆ ಲೈಸೆನ್ಸ್, ಮೇಲ್ವಿಚಾರಕರಿಗೆ ಮತ್ತು ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ.

ಹಳೆಯ 2 ಕಿಲೋವ್ಯಾಟಿನ ಗೀಸರ್ ಕೆಟ್ಟು ಅಷ್ಟೇ ಶಕ್ತಿಯ ಇನ್ನೊಂದನ್ನು ಅದೇ ಪ್ಲಗ್ಗಿಗೆ ಹಾಕಿದರೆ ಅಡ್ಡಿಯಿಲ್ಲ. ಬಲ್ಬಿನ ತಂತಿಗೆ ಗೀಸರ್ ಜೋಡಿಸಿದರೆ, ಅಥವಾ ಬಚ್ಚಲಿಗೆಂದೇ ಹೊಸ ತಂತಿ ಎಳೆದರೆ, ಅದು ಬದಲಾವಣೆಯೇ. ಪರಿಚಯದ ಹುಡುಗನಿಗೆ ಪರ್ಮಿಟ್ ಇಲ್ಲದಿದ್ದರೆ, ಕೆಲಸ ಎಷ್ಟೇ ಚೊಕ್ಕಟವಾಗಿರಲಿ, ಮೊದಲ ಪರೀಕ್ಷೆಯಲ್ಲೇ ಅದು ನಪಾಸು.

ಎರಡನೆಯದು, ಕೆಲಸ ಹೇಗಿರಬೇಕು ಎಂಬುದು. ವೈರಿಂಗ್ ಭಾರತೀಯ ಮಾನಕ ಬ್ಯೂರೊದ ಮಾನಕಗಳಿಗೆ ಅನುಗುಣವಾಗಿರಬೇಕೆಂದು ನಿಯಮಾವಳಿ ಹೇಳುತ್ತದೆ. ಮನೆಯ ವೈರಿಂಗಿಗೆ ಐ.ಎಸ್. 732, ಅರ್ಥಿಂಗ್‌ಗೆ ಐ.ಎಸ್. 3043, ತಂತಿಗೆ ಐ.ಎಸ್. 694. ಇವೆಲ್ಲವನ್ನೂ ಒಟ್ಟಾಗಿ ನೋಡಬಯಸುವವರಿಗೆ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದೆ. 1985ರಲ್ಲಿ ಮೊದಲು ಬಂದ ಈ ಸಂಹಿತೆ 2011ರಲ್ಲಿ, ಮತ್ತೆ 2023ರಲ್ಲಿ ಪರಿಷ್ಕೃತಗೊಂಡಿದೆ.

ಮೂರನೆಯದು ಲೋಡು. ಪ್ರತಿ ಮನೆಗೂ ಇಷ್ಟು ಕಿಲೋವ್ಯಾಟ್ ಎಂದು ಮಂಜೂರಾದ ಲೋಡು ಇರುತ್ತದೆ. ಅದು ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ನಾಲ್ಕು ದೀಪ, ಎರಡು ಫ್ಯಾನಿಗೆಂದು ಹಿಂದೆ ಪಡೆದ ಸಂಪರ್ಕಕ್ಕೆ ಗೀಸರ್ ಸೇರಿಸಿದರೆ ಲೋಡು ಮಿತಿ ಮೀರಬಹುದು. ಆಗ ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲು ಸೊನ್ನೆ ಬರುವ ಮನೆಗಳೂ ಇದನ್ನು ಮರೆಯುವಂತಿಲ್ಲ. ಬಿಲ್ಲು ಸೊನ್ನೆಯಾದರೂ ತಂತಿಯಲ್ಲಿ ಹರಿಯುವ ಆಂಪಿಯರ್ ಸೊನ್ನೆಯಾಗುವುದಿಲ್ಲ.

ಪಠ್ಯಪುಸ್ತಕದ ಲೆಕ್ಕ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವಿದ್ಯುತ್ ಮಂಡಲಗಳ ಪಾಠವಿದೆ. ದೀಪ, ಫ್ಯಾನುಗಳಿಗೆ 5 ಆಂಪಿಯರ್‌ನ ಮಂಡಲ, ಗೀಸರಿನಂಥ ಉಪಕರಣಗಳಿಗೆ 15 ಆಂಪಿಯರ್‌ನ ಪ್ರತ್ಯೇಕ ಮಂಡಲ ಎಂದು ಅಲ್ಲಿ ಬರೆದಿದೆ. ಇಂದು ಅಂಗಡಿಯಲ್ಲಿ ಸಿಗುವ ಪ್ಲಗ್ಗು, ಸಾಕೆಟ್ಟುಗಳ ಮೇಲೆ 6 ಮತ್ತು 16 ಎಂದು ಅಚ್ಚಾಗಿರುತ್ತದೆ. ತತ್ತ್ವ ಒಂದೇ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಈ ಉತ್ತರ ಮನೆಯ ಬಚ್ಚಲಿಗೂ ಅನ್ವಯಿಸುತ್ತದೆಯೇ ಎಂದು ವಿದ್ಯಾರ್ಥಿಗಳು ಎಂದಾದರೂ ನೋಡಿದ್ದಾರೆಯೇ?

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 9 ವ್ಯಾಟಿನ ಎಲ್.ಇ.ಡಿ. ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು 0.04 ಆಂಪಿಯರ್. 2,000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್. ಕೂಡಲೇ ನೀರು ಕಾಯಿಸುವ 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್. ಬಲ್ಬಿಗಿಂತ ಇನ್ನೂರು ಮುನ್ನೂರು ಪಟ್ಟು ಹೆಚ್ಚಿನ ಪ್ರವಾಹ ಒಂದೇ ತಂತಿಯಲ್ಲಿ ಹರಿಯಬೇಕಾಗುತ್ತದೆ.

ಮೀಟರ್ ಬೋರ್ಡಿನಿಂದ ಬಚ್ಚಲಿಗೆ 20 ಮೀಟರ್ ದೂರ ಎಂದಿಟ್ಟುಕೊಂಡರೆ, ಹೋಗಿ ಬರುವ ತಂತಿ ಸೇರಿ 40 ಮೀಟರ್. ದೀಪಕ್ಕೆ ಬಳಸುವ 1 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಾದರೆ ಇಷ್ಟು ಉದ್ದಕ್ಕೆ ರೋಧ ಸುಮಾರು 0.72 ಓಮ್. ಜೌಲ್‌ನ ನಿಯಮದಂತೆ ಆಂಪಿಯರ್‌ನ ವರ್ಗವನ್ನು ರೋಧದಿಂದ ಗುಣಿಸಿದರೆ, 13 ಆಂಪಿಯರ್‌ನಲ್ಲಿ ಸುಮಾರು 120 ವ್ಯಾಟ್ ಶಾಖ ಗೋಡೆಯೊಳಗಿನ ಪೈಪಿನಲ್ಲೇ ಹುಟ್ಟುತ್ತದೆ. ಎರಡು ಹಳೆಯ 60 ವ್ಯಾಟಿನ ಬಲ್ಬುಗಳನ್ನು ಗೋಡೆಯೊಳಗೆ ಹೂತು ಹೊತ್ತಿಸಿದ ಹಾಗೆ. ತಂತಿ 2.5 ಚದರ ಮಿಲಿಮೀಟರ್‌ನದಾದರೆ ಈ ಶಾಖ ಸುಮಾರು 50 ವ್ಯಾಟಿಗೆ ಇಳಿಯುತ್ತದೆ. 4 ಚದರ ಮಿಲಿಮೀಟರ್ ಆದರೆ 33 ವ್ಯಾಟ್.

ಸುತ್ತಿ ಟೇಪು ಹಚ್ಚಿದ ಜಾಯಿಂಟಿನ ಕಥೆ ಇನ್ನೂ ಕೆಟ್ಟದ್ದು. ಇಡೀ ತಂತಿಯ ಶಾಖ ಹಂಚಿಹೋಗುತ್ತದೆ, ಸಡಿಲ ಜಾಯಿಂಟಿನ ಶಾಖ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಪ್ಲಗ್ಗಿನ ಬಾಯಿ ಕಂದುಬಣ್ಣಕ್ಕೆ ತಿರುಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಇದರದೇ ಸೂಚನೆ. 16 ಆಂಪಿಯರ್‌ನ ದಪ್ಪ ಪಿನ್ನಿನ ಪ್ಲಗ್ಗನ್ನು ಅಡಾಪ್ಟರ್ ಹಾಕಿ 6 ಆಂಪಿಯರ್‌ನ ಸಾಕೆಟ್ಟಿಗೆ ತೂರಿಸುವುದೂ ಇದೇ ಜಾತಿಯ ತಪ್ಪು.

ಎಂ.ಸಿ.ಬಿ. ಕಾಯುವುದು ಯಾರನ್ನು?

ಎಂ.ಸಿ.ಬಿ. ಹಾಕಿಸಿದ್ದೇವೆ, ಏನಾದರೂ ಆದರೆ ಅದು ಬೀಳುತ್ತದೆ ಎಂದು ಧೈರ್ಯದಿಂದ ಹೇಳುವವರಿದ್ದಾರೆ. ಅನೇಕರ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯುವುದಕ್ಕೆ, ಮನುಷ್ಯನನ್ನಲ್ಲ.

ಮನುಷ್ಯನ ಮೈಯಲ್ಲಿ 1 ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30ರ ಆಚೆ ಉಸಿರಿಗೆ ಅಪಾಯ. 50ರಿಂದ 100 ಮಿಲಿಆಂಪಿಯರ್ ಸ್ವಲ್ಪ ಹೊತ್ತು ಹರಿದರೂ ಹೃದಯದ ಲಯ ತಪ್ಪಬಹುದು. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ.ಯ ಪಾಲಿಗೆ ಇದು ಏನೇನೂ ಅಲ್ಲ. ಅದು ಬೀಳುವುದು 16,000 ಮಿಲಿಆಂಪಿಯರ್ ದಾಟಿದ ಮೇಲೆ. ಮನುಷ್ಯ ಸತ್ತರೂ ಅದು ನಿಂತಲ್ಲೇ ನಿಂತಿರುತ್ತದೆ.

ಎಂ.ಸಿ.ಬಿ. ಪದೇಪದೇ ಬೀಳುತ್ತದೆಂದು 6ರ ಜಾಗಕ್ಕೆ 20 ಆಂಪಿಯರ್‌ನದನ್ನು ಕೂಡಿಸುವುದು, ಹಳೆಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು ಎಲ್ಲೆಡೆ ಕಾಣುವ ಕೆಲಸ. ಆಗ ಆ ಸಾಧನಕ್ಕೆ ತಂತಿಯನ್ನು ಕಾಯುವ ಶಕ್ತಿಯೂ ಇರುವುದಿಲ್ಲ.

ಮಣ್ಣಿನೊಡನೆ ಸಂಬಂಧ

ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಅರ್ಥ್. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ಅದರ ಲೋಹದ ಮೈಗೆ, ನೀರಿಗೆ ಇಳಿದರೆ ಅದನ್ನು ಸುಲಭದ ದಾರಿಯಲ್ಲಿ ನೆಲಕ್ಕೆ ಕಳಿಸುವುದು ಹಸಿರು ತಂತಿಯ ಕೆಲಸ. ಮನೆಯ ಹೊರಗೆ ಕಬ್ಬಿಣದ ಪೈಪು ಹೂತು ಅದಕ್ಕೆ ಈ ತಂತಿ ಜೋಡಿಸುತ್ತಾರೆ. ಸುಮಾರು 40 ಮಿಲಿಮೀಟರ್ ಅಗಲದ, ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಇದ್ದಿಲು, ಉಪ್ಪುಗಳ ನಡುವೆ ನಿಲ್ಲಿಸುವುದು ಹಳೆಯ ಪದ್ಧತಿ.

ಜೋಯಿಡಾದ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆ ಕಲ್ಲಿನಲ್ಲಿ ಒಂದು ತೊಡಕಿದೆ. ಮಳೆಗಾಲದಲ್ಲಿ ನೆಲ ನೆನೆದು ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ. ಮಾರ್ಚಿ, ಏಪ್ರಿಲ್ ಹೊತ್ತಿಗೆ ನೆಲ ಒಣಗಿದಂತೆ ರೋಧ ಏರುತ್ತದೆ. ಮನೆಯ ಅರ್ಥಿನ ರೋಧ 15 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥಿನದು 5 ಓಮ್, ಒಟ್ಟು 20 ಎಂದು ಭಾವಿಸಿದರೆ, ಗೀಸರಿನ ಮೈಗೆ ಕರೆಂಟು ಇಳಿದಾಗ ನೆಲಕ್ಕೆ ಹರಿಯುವುದು 11.5 ಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ. ಬೀಳುವುದೇ ಇಲ್ಲ. ಗೀಸರಿನ ಮೈಮೇಲೆ 11.5ನ್ನು 15ರಿಂದ ಗುಣಿಸಿದಷ್ಟು, ಅಂದರೆ 170 ವೋಲ್ಟಿಗೂ ಹೆಚ್ಚು, ಹಾಗೇ ಕುಳಿತಿರುತ್ತದೆ. ಅರ್ಥಿಂಗ್ ಇದೆ, ಎಂ.ಸಿ.ಬಿ. ಇದೆ, ಆದರೂ ನಲ್ಲಿ ಮುಟ್ಟಿದ ಕೈಗೆ ರಕ್ಷಣೆ ಇಲ್ಲ.

ಅರ್ಥಿಂಗೇ ಇಲ್ಲದ ಮನೆಗಳಲ್ಲಿ ನಡೆಯುವ ಕೈಚಳಕ ಇದಕ್ಕಿಂತ ಭಯಂಕರ. ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ತಂತಿಯನ್ನು ಅರ್ಥ್ ಪಿನ್ನಿಗೆ ಜೋಡಿಸಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಹತ್ತುತ್ತದೆ, ಅರ್ಥ್ ಬಂತು ಎಂದು ತೋರಿಸುತ್ತಾರೆ. ಕುಂಬಾರವಾಡದಂಥ ಕಡೆ ಲೈನು ಕಾಡಿನ ನಡುವೆ ಹಾದುಬರುತ್ತದೆ. ಆಷಾಢದ ಗಾಳಿಗೆ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿಯೊಂದೇ ಹರಿದರೆ? ಗೀಸರಿನ ಸ್ವಿಚ್ಚೋ ಮನೆಯ ದೀಪವೋ ಆನ್ ಇದ್ದರೆ ಸಾಕು, ಫೇಸಿನ ಕರೆಂಟು ಅದರ ಮೂಲಕ ಹಾದು ನ್ಯೂಟ್ರಲ್‌ಗೆ, ಅಲ್ಲಿಂದ ಆ ತುಂಡು ತಂತಿಯಲ್ಲಿ ಗೀಸರಿನ ಮೈಗೆ ಬರುತ್ತದೆ. ಗೀಸರ್ ಕೆಟ್ಟಿರಬೇಕೆಂದೇ ಇಲ್ಲ. ಹೊಚ್ಚಹೊಸ ಗೀಸರೂ ಕೊಲ್ಲಬಲ್ಲದು.

ಅರ್ಥ್ ತಂತಿಯನ್ನು ನೀರಿನ ಪೈಪಿಗೆ ಸುತ್ತುವುದು ಇನ್ನೊಂದು ಹಳೆಯ ಚಾಳಿ. ಬಾವಿಯಿಂದಲೋ ಗುಡ್ಡದ ಅಬ್ಬಿಯಿಂದಲೋ ನೀರು ತರುವ ಪೈಪು ಇಂದು ಪ್ಲಾಸ್ಟಿಕ್ಕಿನದು. ಅದಕ್ಕೆ ಸುತ್ತಿದ ತಂತಿ ಎಲ್ಲಿಗೂ ಹೋಗುವುದಿಲ್ಲ.

ಹೋದ ಲೆಕ್ಕ, ಬಂದ ಲೆಕ್ಕ

ಮನುಷ್ಯನನ್ನು ಕಾಯುವ ಸಾಧನವೇ ಬೇರೆ. ಅದರ ಹೆಸರು ಆರ್.ಸಿ.ಸಿ.ಬಿ. ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ. ಅದರ ಕೆಲಸ ಕಿರಾಣಿ ಅಂಗಡಿಯ ಲೆಕ್ಕದಂಥದು. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ನಡುವೆ ಎಲ್ಲೋ ಸೋರಿದೆ ಎಂದರ್ಥ. ಆ ಸೋರಿಕೆ ಯಾರದೋ ಮೈಯ ಮೂಲಕ ಆಗಿರಬಹುದು. ಸೋರಿಕೆ 30 ಮಿಲಿಆಂಪಿಯರ್ ತಲುಪಿದರೆ ಸೆಕೆಂಡಿನ ಮೂರರಲ್ಲೊಂದು ಭಾಗದೊಳಗೆ, ಅದರ ಐದು ಪಟ್ಟಾದರೆ ಇನ್ನೂ ಬೇಗ, ಕರೆಂಟು ಕಡಿಯುತ್ತದೆ.

1956ರ ನಿಯಮಗಳಿಗೆ ಮುಂದೆ ಸೇರಿಸಿದ ವಿಧಿಯೊಂದು 5 ಕಿಲೋವ್ಯಾಟ್ ಮೇಲ್ಪಟ್ಟ ಸಂಪರ್ಕಗಳಿಗೆ ಇಂಥ ಸಾಧನವನ್ನು ಕಡ್ಡಾಯ ಮಾಡಿತ್ತು. ಈಚಿನ ನಿಯಮಾವಳಿಯಲ್ಲಿ ಮನೆಗಳಿಗೆ ಸೋರಿಕೆಯ ಮಿತಿ 30 ಮಿಲಿಆಂಪಿಯರ್ ಮೀರಬಾರದೆಂದು ಗೊತ್ತುಪಡಿಸಲಾಗಿದೆ. ಆದ್ದರಿಂದ ಅಂಗಡಿಯಲ್ಲಿ ಕೊಳ್ಳುವಾಗ 100 ಅಥವಾ 300ರದು ಅಗ್ಗವೆಂದು ತರಬಾರದು. ಮೇಲಿನ ಲೆಕ್ಕದ ಮನೆಯಲ್ಲಿ, 20 ಓಮ್ ಅರ್ಥಿಂಗ್ ಇದ್ದರೂ, ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಇದಕ್ಕೂ ಮಿತಿಯುಂಟು. ಒಂದೇ ಸಲಕ್ಕೆ ಫೇಸು, ನ್ಯೂಟ್ರಲ್ ಎರಡನ್ನೂ ಮುಟ್ಟಿದವನನ್ನು ಇದು ಗುರುತಿಸಲಾರದು. ಅತಿ ಲೋಡನ್ನು ತಡೆಯಲಾರದು, ಅದಕ್ಕೆ ಎಂ.ಸಿ.ಬಿ. ಬೇಕೇ ಬೇಕು. ಅರ್ಥಿಂಗ್‌ಗೆ ಇದು ಬದಲಿಯೂ ಅಲ್ಲ.

ಮಳೆಗಾಲದಲ್ಲಿ ಗೋಡೆ ತೇವವಾಗಿ, ಜಾಯಿಂಟುಗಳಲ್ಲಿ ನೀರು ಸೇರಿ ಆರ್.ಸಿ.ಸಿ.ಬಿ. ಬೀಳುತ್ತದೆ. ಎರಡು ಲೈನುಗಳ ನ್ಯೂಟ್ರಲ್ ಬೆರೆತಿದ್ದರೂ ಬೀಳುತ್ತದೆ. ಆಗ ಕಾಟ ತಪ್ಪಿಸಲು ಅದನ್ನೇ ಬೈಪಾಸ್ ಮಾಡಿಸುವ ಮನೆಗಳಿವೆ. ಪೆಟ್ಟಿಗೆಯಲ್ಲಿ ಸಾಧನ ಇದೆ, ಆದರೆ ಕರೆಂಟು ಅದರೊಳಗೆ ಹಾಯುವುದಿಲ್ಲ. ಬೊಗಳುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ. ಅದು ಬೀಳುತ್ತಿದೆ ಎಂದರೆ ಎಲ್ಲೋ ದೋಷವಿದೆ ಎಂದೇ ತಿಳಿದು ಆ ದೋಷವನ್ನು ಹುಡುಕಿಸಬೇಕು.

ಹೊರನಾಡಿನ ಪಾಠ

ಬ್ರಿಟನ್ನಿನ ಮನೆಗಳಲ್ಲಿ ಎಲೆಕ್ಟ್ರಿಕ್ ಶವರ್ ಎಂಬುದಿದೆ. ಟ್ಯಾಂಕಿಲ್ಲದೆ, ಹರಿಯುವ ನೀರನ್ನೇ ಕಾಯಿಸಿ ಸುರಿಸುವ ಇದಕ್ಕೆ 9 ಕಿಲೋವ್ಯಾಟಿನಷ್ಟು ಶಕ್ತಿ ಬೇಕು, ಅಂದರೆ 39 ಆಂಪಿಯರ್. ಅದಕ್ಕೆಂದೇ ಸಾಮಾನ್ಯವಾಗಿ 10 ಚದರ ಮಿಲಿಮೀಟರ್‌ನ ಪ್ರತ್ಯೇಕ ತಂತಿ ಎಳೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಜನವರಿ 1ರಿಂದ ಮನೆಯ ವಿದ್ಯುತ್ ಕೆಲಸವನ್ನು ಕಟ್ಟಡ ನಿಯಮಗಳ ವ್ಯಾಪ್ತಿಗೆ ತಂದರು. ಮನೆಯಲ್ಲಿ ಹೊಸ ಮಂಡಲ ಎಳೆದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಅಥವಾ ನೋಂದಾಯಿತ ಕೆಲಸಗಾರನಿಂದಲೇ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಮನೆ ಮಾರುವಾಗ ಕೊಳ್ಳುವವರ ವಕೀಲರು ಆ ಕಾಗದ ಕೇಳುವುದುಂಟು.

ನಮ್ಮಲ್ಲಿ ಹೊಸ ಸಂಪರ್ಕ ಪಡೆಯುವಾಗ ಗುತ್ತಿಗೆದಾರನ ಸಹಿಯುಳ್ಳ ಪೂರ್ಣತಾ ಮತ್ತು ಪರೀಕ್ಷಾ ವರದಿ ಕೊಡಬೇಕು. ಹತ್ತು ವರ್ಷದ ಬಳಿಕ ಬಚ್ಚಲಿಗೆ ಹೊಸ ತಂತಿ ಎಳೆದಾಗ ಆ ವರದಿಯನ್ನು ಕೇಳುವವರೇ ಇಲ್ಲ. ನಿಯಮ ಎರಡೂ ಸಂದರ್ಭಕ್ಕೆ ಒಂದೇ, ಕೇಳುವ ಕಣ್ಣು ಮಾತ್ರ ಒಮ್ಮೆಗೇ ಮುಗಿಯುತ್ತದೆ. ಆದ್ದರಿಂದ ಎರಡನೆಯ ಸಲ ಕೇಳಬೇಕಾದವರು ಮನೆಯವರೇ.

ಹಾಗಾದರೆ ಯಾವುದು ಪಾಸು?

ಬಚ್ಚಲಿಗೆ ಹೊಸದಾಗಿ ಎಳೆದ ಲೈನು ನಿಯಮಕ್ಕೆ ಒಪ್ಪಬೇಕಾದರೆ ಮೀಟರ್ ಬೋರ್ಡಿನಿಂದ ಗೀಸರಿಗೆಂದೇ ಪ್ರತ್ಯೇಕ ಲೈನು ಇರಬೇಕು. ತಂತಿ ಐ.ಎಸ್.ಐ. ಮುದ್ರೆಯ ತಾಮ್ರದ್ದು, 2 ಕಿಲೋವ್ಯಾಟಿನ ಗೀಸರಿಗೆ 2.5 ಚದರ ಮಿಲಿಮೀಟರ್‌ಗೆ ಕಡಿಮೆಯಿಲ್ಲದ್ದು, 3 ಕಿಲೋವ್ಯಾಟಿಗೆ ಅಥವಾ ದೂರ ಹೆಚ್ಚಾದರೆ 4 ಆಗಿದ್ದರೆ ಕ್ಷೇಮ. ಜೊತೆಗೆ ಹಸಿರು ಅರ್ಥ್ ತಂತಿ ಬೋರ್ಡಿನವರೆಗೂ, ಅಲ್ಲಿಂದ ನೆಲದ ಪೈಪಿನವರೆಗೂ ತುಂಡಾಗದೆ ಹೋಗಬೇಕು. ಸ್ವಿಚ್ಚು ಫೇಸನ್ನು ಕಡಿಯಬೇಕು. ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದೆಂದು ನಿಯಮವೇ ಹೇಳುತ್ತದೆ. ತಂತಿಗೆ ತಕ್ಕ ಎಂ.ಸಿ.ಬಿ., 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಎರಡೂ ಬೇಕು. ಸ್ವಿಚ್ಚು ಬಚ್ಚಲಿನ ಹೊರಗಿದ್ದರೆ ಒಳ್ಳೆಯದು. ಸ್ನಾನ ಮಾಡುವ ಜಾಗದ ಅಂಚಿನಿಂದ 60 ಸೆಂಟಿಮೀಟರ್ ಒಳಗೆ ಸಾಕೆಟ್ ಕೂಡದೆಂಬುದು ಅಂತರರಾಷ್ಟ್ರೀಯ ಮಾನಕದ ಮಾತು.

ಕೊನೆಗೆ ಅಳತೆ. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನಲ್ಲಿ ತಂತಿಯ ಹೊದಿಕೆಯನ್ನು ಪರೀಕ್ಷಿಸಿದಾಗ ರೋಧ 1 ಮೆಗಾಓಮ್‌ಗೆ ಕಡಿಮೆ ಬರಬಾರದು. ಅರ್ಥ್ ಟೆಸ್ಟರಿನಿಂದ ನೆಲದ ರೋಧ ಅಳೆಯಬೇಕು, ಅದನ್ನು ಬೇಸಿಗೆಯಲ್ಲಿ ಅಳೆದರೆ ನಿಜ ತಿಳಿಯುತ್ತದೆ. ಈ ಅಂಕಿಗಳನ್ನು ಬರೆದು, ತನ್ನ ಲೈಸೆನ್ಸ್ ಸಂಖ್ಯೆ ಹಾಕಿ, ಸಹಿ ಮಾಡಿಕೊಡುವಂತೆ ಗುತ್ತಿಗೆದಾರನನ್ನು ಕೇಳಬೇಕು. ಟೆಸ್ಟರಿನ ದೀಪ ಹತ್ತಿತು ಎಂಬುದು ಪರೀಕ್ಷೆಯಲ್ಲ.

ಮನೆಯವರು ತಾವಾಗಿ ಬೋರ್ಡು ಬಿಚ್ಚಿ ನೋಡಬೇಕಾಗಿಲ್ಲ, ನೋಡಲೂಬಾರದು. ಬಿಚ್ಚದೆಯೇ ಕಾಣುವಂಥವು ಬೇಕಾದಷ್ಟಿವೆ. ಪೆಟ್ಟಿಗೆಯಲ್ಲಿ ಆರ್.ಸಿ.ಸಿ.ಬಿ. ಇದೆಯೇ, ಅದರ ಮೇಲೆ 30 ಎಂ.ಎ. ಎಂದಿದೆಯೇ? ‘ಟಿ’ ಎಂಬ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿದರೆ ಕರೆಂಟು ಹೋಗುತ್ತದೆಯೇ? ಗೀಸರಿನ ಪ್ಲಗ್ಗು ಮುಟ್ಟಿದರೆ ಸುಡುತ್ತದೆಯೇ? ನಲ್ಲಿ ಹಿಡಿದಾಗ ಜುಮ್ಮೆಂದಿತೆಂದು ಮಕ್ಕಳು ಹೇಳಿದ್ದುಂಟೇ? ಜುಮ್ಮೆಂದದ್ದು ನಿಜವಾದರೆ ಅಂದೇ ಮೇನ್ ಸ್ವಿಚ್ ಆರಿಸಿ ಬಲ್ಲವರನ್ನು ಕರೆಸಬೇಕು. ಕಂಬದಿಂದ ಬರುವ ಲೈನಿನಲ್ಲೇ ದೋಷವಿದೆ ಎನಿಸಿದರೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಬಹುದು. ಅಲ್ಲಿಯವರೆಗೆ ಗೀಸರ್ ಆರಿಸಿ, ಪ್ಲಗ್ಗು ಕಿತ್ತು, ಆಮೇಲೆಯೇ ಸ್ನಾನಕ್ಕಿಳಿಯುವುದು ಲೇಸು. ಬಕೆಟಿಗೆ ಇಳಿಬಿಡುವ ಹೀಟರ್ ರಾಡಿಗಂತೂ ಈ ಮಾತು ಕಡ್ಡಾಯ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು.

ಆಘಾತಕ್ಕೆ ಸಿಕ್ಕವರನ್ನು ಕಂಡಾಗ ಮಕ್ಕಳಿಗೆ ಗೊತ್ತಿರಬೇಕಾದ್ದು ಒಂದೇ. ಅವರನ್ನು ಮುಟ್ಟಬಾರದು, ಮೊದಲು ಮೇನ್ ಸ್ವಿಚ್ ಆರಿಸಬೇಕು. ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಪ್ರತಿ ಮಗುವಿಗೂ ತೋರಿಸಿಟ್ಟಿರಬೇಕು.

ಇದರಲ್ಲಿ ವೈರಿಂಗ್ ಮಾಡುವ ಹುಡುಗರನ್ನೇ ದೂರುವುದು ನ್ಯಾಯವಲ್ಲ. ನೂರಾರು ರೂಪಾಯಿ ಉಳಿಸಲು ತೆಳು ತಂತಿಯೇ ಸಾಕು ಎನ್ನುವವರು, ಆರ್.ಸಿ.ಸಿ.ಬಿ. ಬೇಡ ಎನ್ನುವವರು ಹಲವು ಸಲ ಮನೆಯವರೇ. ಕೆಲಸ ಕಲಿತ ಕೈಗೆ ಕಾಗದದ ಬಲವೂ ಬೇಕು. ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ.ನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ತರಬೇತಿ ಪಡೆದು, ಪರಿವೀಕ್ಷಣಾಲಯದ ಪರ್ಮಿಟ್ ಹಿಡಿದ ತರುಣ ಕಾಳಿಯ ದಂಡೆಯ ಈ ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕೂರಬೇಕಾಗಿಲ್ಲ. ಬೋರ್ಡಿನ ಎದುರು ನಿಂತು ‘ಇಷ್ಟು ತಂತಿಗೆ ಇಷ್ಟು ಲೋಡು ಸಲ್ಲದು’ ಎಂದು ಹೇಳಬಲ್ಲ ಒಬ್ಬ ಬಲ್ಲವನು ಊರಿನಲ್ಲಿದ್ದರೆ, ಆ ಮಾತಿಗೆ ಕಿವಿಗೊಡುವ ಯಜಮಾನರು ನಾಲ್ಕು ಜನ ಸಿಕ್ಕರೆ, ಊರಿನ ಬಚ್ಚಲುಗಳು ಅಷ್ಟರ ಮಟ್ಟಿಗೆ ನಿರ್ಭಯವಾದಾವು.